ಗಾಳಿ ಎಳೆಯುತ್ತಿದ್ದ ಜಾಯಿಂಟು

ಹೊರದೇಶದ ಆ ಪ್ರಯೋಗಾಲಯದಲ್ಲಿ ಪ್ರೊಫೆಸರನ್ನೂ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಿದ್ದರು. ಸಂಶೋಧನೆಗೆಂದು ಹೊಸದಾಗಿ ಬಂದಿದ್ದ ನಲ್ಲಿ ರಿಪೇರಿಯವನ ಮಗಳಿಗೆ ಮಾತ್ರ ಹಾಗೆ ಕರೆಯಲು ನಾಲಿಗೆ ಹೊರಳುತ್ತಿರಲಿಲ್ಲ. ಅಲ್ಲಿ ಅವಳ ಭಾಷೆಯವನು ಇನ್ನೊಬ್ಬನಿದ್ದ. ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದ ಸೀನಿಯರ್, ದೊಡ್ಡ ಅಧಿಕಾರಿಯ ಮಗ. ಮೊದಲ ದಿನವೇ "ಅಪ್ಪ ಏನ್ ಮಾಡ್ತಾರೆ?" ಅಂದಿದ್ದ. ಹೇಳಿದಳು. "ಓಹೋ" ಎಂದು ತನ್ನ ಕಂಪ್ಯೂಟರಿನತ್ತ ತಿರುಗಿದ. ಅಂದಿನಿಂದ ಅವನು ಅವಳಿಗೆ 'ಸರ್'. ಉಳಿದವರ ಕಣ್ಣಿಗೆ ಮಾತ್ರ ಇಬ್ಬರೂ ಒಂದೇ. ಇವಳು ತಡವಾಗಿ ಬಂದರೆ "ನಿಮ್ಮವಳೆಲ್ಲಿ?" ಎಂದು ಅವನನ್ನು ಕೇಳುತ್ತಿದ್ದರು, ಅವನು ಮುಖ ಸಿಂಡರಿಸುತ್ತಿದ್ದ.

ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಸದ್ದಿನಿಂದ ಪತ್ತೆಹಚ್ಚುವುದು ಅವರ ಸಂಶೋಧನೆ. ಸೀನಿಯರ್ ಜೋಡಿಸಿದ ಪೈಪುಗಳ ಮೇಲೆಯೇ ಇವಳೂ ಅಳತೆ ತೆಗೆಯಬೇಕು. ಆರು ತಿಂಗಳು ತಲೆ ಚಚ್ಚಿಕೊಂಡರೂ ಅಳತೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಪ್ರಯೋಗಕ್ಕೆಂದೇ ಪೈಪಿನಲ್ಲಿ ಕೊರೆದಿದ್ದ ಸೋರುವ ತೂತು ಮುಚ್ಚಿದರೂ ಸದ್ದು ಹಾಗೇ ಇತ್ತು. ಕೊನೆಗೊಂದು ಮಧ್ಯಾಹ್ನ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೊತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಉದ್ದಕ್ಕೂ ಕೇಳುತ್ತಾ ಹೋದಳು. ಪಂಪಿನ ಹತ್ತಿರದ ಜಾಯಿಂಟಿನಲ್ಲಿ ಸದ್ದು ಜೋರಾಯಿತು. ಅಪ್ಪನಿಗೆ ಫೋನು ಮಾಡಿದಳು.

"ನೀರು ಎಳೆಯೋ ಕಡೆಯೋ, ದೂಡೋ ಕಡೆಯೋ?"

"ಎಳೆಯೋ ಕಡೆ, ಅಪ್ಪಾ."

"ಹಾಗಾದ್ರೆ ಗಾಳಿ ಎಳೀತಿದೆ ಕಣಮ್ಮ. ಸೋಪಿನ ನೊರೆ ಹಚ್ಚಿ ನೋಡು. ಒಳಕ್ಕೆ ಹೋದ್ರೆ ವಾಷರ್ ಸರಿಯಾಗಿ ಕೂತಿಲ್ಲ ಅಂತ."

ನೊರೆ ಒಳಕ್ಕೆ ಹೋಯಿತು. ಸೀನಿಯರ್ ಎರಡು ವರ್ಷ ಅಳೆದಿದ್ದು ಸೋರಿಕೆಯ ಸದ್ದನ್ನಲ್ಲ, ಈ ಗಾಳಿಯ ಗುಳ್ಳೆಗಳ ಸದ್ದನ್ನು. ಅವನ ಪ್ರಬಂಧ ಮುಂದಿನ ತಿಂಗಳು ಸಲ್ಲಿಕೆಯಾಗಬೇಕಿತ್ತು. ಇವಳ ಮೊದಲ ವರ್ಷದ ಪರಿಶೀಲನೆ ಶುಕ್ರವಾರ.

ಮೊದಲು ಅವನಿಗೇ ಹೇಳಿದಳು. ಅವನು ಬಾಗಿಲು ಮುಚ್ಚಿದ.

"ಇಲ್ಲಿಗೆ ಬಂದಿರೋದು ಓದೋಕೋ, ನಲ್ಲಿ ರಿಪೇರಿಗೋ?"

"ನೀವೇ ಒಂದ್ಸಲ ನೋಡಿ, ಸರ್."

"ನೋಡಮ್ಮ," ದನಿ ತಗ್ಗಿಸಿದ, "ಇವರ ಕಣ್ಣಿಗೆ ನಾವಿಬ್ಬರೂ ಒಂದೇ. ನನ್ನ ಮುಖಕ್ಕೆ ಮಸಿ ಬಿದ್ರೆ ನಿನಗೂ ಬೀಳುತ್ತೆ. ಅಳತೆ ಸರಿಯಾಗಿ ಬರಲಿಲ್ಲ, ಇನ್ನೂ ಕಲೀತಿದ್ದೀನಿ ಅಂದ್ಬಿಡು. ನಿನ್ನ ಮೇಲೆ ಯಾರೂ ಕೋಪ ಮಾಡ್ಕೊಳ್ಳಲ್ಲ."

ಇಬ್ಬರೂ ಒಂದೇ ಎಂಬ ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಶುಕ್ರವಾರದವರೆಗೂ ಅದೇ ಅವಳನ್ನು ಕೊರೆಯುತ್ತಿತ್ತು.

ಪರಿಶೀಲನೆಯಲ್ಲಿ ಪ್ರೊಫೆಸರ್ ಕೇಳಿದರು, "ಆರು ತಿಂಗಳಾದರೂ ಒಂದು ಅಳತೆಯೂ ಸರಿಯಿಲ್ಲವಲ್ಲ, ಯಾಕೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಸೀನಿಯರ್ ನಡುವೆ ಬಂದ. "ಅವಳಿಗೆ ಭಾಷೆ ತೊಡಕು. ಅವಳು ಹೇಳಬೇಕಂತಿರೋದು ಏನಂದ್ರೆ—"

"ನಾನೇ ಹೇಳ್ತೀನಿ, ಸರ್." ಅದನ್ನು ತಮ್ಮ ಭಾಷೆಯಲ್ಲೇ ಅಂದಳು. ಆಮೇಲೆ ಹರಕುಮುರುಕಾಗಿ ಆ ಊರಿನ ಭಾಷೆಯಲ್ಲಿ, "ದಯವಿಟ್ಟು ಪೈಪಿನ ಹತ್ತಿರ ಬನ್ನಿ" ಎಂದಳು.

ಎಲ್ಲರೂ ಎದ್ದು ಬಂದರು. ಅವಳು ನೊರೆ ಹಚ್ಚಿದಳು. ಪಂಪು ಚಾಲೂ ಆದೊಡನೆ ನೊರೆ ಸುರುಕ್ಕನೆ ಒಳಗೆ ಹೋಯಿತು. ಪ್ರೊಫೆಸರ್ ಇನ್ನೊಮ್ಮೆ ತಾವೇ ಹಚ್ಚಿ ನೋಡಿದರು. ಆಮೇಲೆ, "ನೀವು ನೀವೇ ಇದನ್ನು ಮೊದಲೇ ಮಾತಾಡಿಕೊಳ್ಳಬಹುದಿತ್ತು" ಎಂದು ಇಬ್ಬರನ್ನೂ ಒಟ್ಟಿಗೇ ಗದರಿದರು.

ಸೀನಿಯರ್ ಹತ್ತು ತಿಂಗಳು ಎಲ್ಲವನ್ನೂ ಮತ್ತೆ ಅಳೆದ. ಪ್ರಬಂಧ ಸಲ್ಲಿಸಿ ಹೊರಡುವವರೆಗೂ ಅವಳೊಡನೆ ಒಂದು ಮಾತೂ ಆಡಲಿಲ್ಲ. ಅವಳಿಗೂ ನೋವಾಗದಿರಲಿಲ್ಲ, ತನ್ನ ಭಾಷೆ ಕಿವಿಗೆ ಬೀಳುತ್ತಿದ್ದದ್ದು ಅವನೊಬ್ಬನಿಂದ. ಉಳಿದವರಿಗೋ ಅವಳ ಕೈಗುಣ ಹಿಡಿಸಿಬಿಟ್ಟಿತು. ಯಾರ ಪೈಪು ಸೋರಿದರೂ ಅವಳಿಗೇ ಕರೆ. ನಾಲ್ಕು ಸಲ ಹೋದಳು. ಐದನೆಯ ಸಲ ಕಣ್ಣೆತ್ತದೆ, "ಅದಕ್ಕೆ ಮೆಕ್ಯಾನಿಕ್ ಇದ್ದಾರೆ, ಅವರನ್ನು ಕರೀರಿ. ನಾನು ಬರೀತಿದ್ದೀನಿ" ಎಂದು ತನ್ನ ಪ್ರಬಂಧದ ಅಧ್ಯಾಯ ಮುಂದುವರಿಸಿದಳು.