ಮೈದಾ ಅಂಟಿನ ನಾವೆ

ಫ್ಲೆಕ್ಸ್ ಬಂದ ಮೇಲೆ ದೊಡ್ಡಬಳ್ಳಾಪುರದ ಗೋಡೆಗಳು ಸಂಜೀವಪ್ಪನನ್ನು ಮರೆತವು. ಸಿಮೆಂಟು, ಬನಿಯನ್, ಬೀಡಿಯ ಜಾಹೀರಾತು ಎಂದು ಮೂವತ್ತು ವರ್ಷ ಅವುಗಳ ಮೇಲೆ ಬಣ್ಣ ಬಳಿದವನು ಅವನು. ಉಳಿದದ್ದು ಒಂದೇ ಕೆಲಸ: ಪ್ರತಿ ಏಪ್ರಿಲ್‌ನಲ್ಲಿ ಚರ್ಚಿನ ಮಕ್ಕಳ ರಜಾ ಬೈಬಲ್ ಶಾಲೆಗೆ ವೇದಿಕೆ ಕಟ್ಟುವುದು. ವರ್ಷದಲ್ಲಿ ಆ ಹತ್ತು ದಿನ ಮಾತ್ರ ಜನ ಅವನನ್ನು ಪೇಂಟರ್ ಎಂದು ಕರೆಯುತ್ತಿದ್ದರು.

ಈ ಸಲ ಚರ್ಚಿನ ಕಾರ್ಯದರ್ಶಿ ಭಾನುಪ್ರಕಾಶ್ ಮೊದಲೇ ಹೇಳಿದ್ದ. "ಇದೊಂದ್ ವರ್ಷ ನೋಡಣ ಅಣ್ಣ. ಹೋದ್ಸಲ ಕಹಳೆ ಊದಿದ್ಮೇಲೆ ಬೀಳ್ಬೇಕಾಗಿದ್ದ ನಿಮ್ ಯೆರಿಕೋ ಗೋಡೆ, ಊದಕ್ ಮುಂಚೇನೇ ಬಿದ್ದೋಯ್ತು. ಈ ಸಲಾನೂ ಹಂಗಾದ್ರೆ ಫ್ಲೆಕ್ಸೇ ಗತಿ."

ಈ ಸಲದ ಪಾಠ ನೋಹನದು, ಪ್ರಳಯದಲ್ಲಿ ಎಲ್ಲ ಪ್ರಾಣಿಗಳನ್ನೂ ಜೋಡಿಜೋಡಿಯಾಗಿ ನಾವೆಗೆ ಹತ್ತಿಸಿ ಉಳಿಸಿದವನದು. ಸಂಜೀವಪ್ಪ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಂದ ರಟ್ಟಿನ ಪೆಟ್ಟಿಗೆಗಳನ್ನು ತಂದ. ಮಂಡಿಯೂರಿ ಕುಳಿತು, ಐದು ವರ್ಷದ ಮಗುವಿನ ಕಣ್ಣು ಎಲ್ಲಿರುತ್ತದೋ ಅಲ್ಲಿ ನಾವೆಗೆ ಕಿಟಕಿ ಕೊರೆದ. ಒಲೆಯ ಮೇಲೆ ಮೈದಾ ಅಂಟು ಕುದಿಯಿತು.

ಹೆಂಡತಿ ಸೊಣ್ಣಮ್ಮ ಮೈಲುತುತ್ತದ ಪೊಟ್ಟಣ ಮುಂದಿಟ್ಟಳು. ಇಲಿ, ಜಿರಲೆ ಮುಟ್ಟದಿರಲೆಂದು ಅಂಟಿಗೆ ಆ ನೀಲಿ ವಿಷ ಬೆರೆಸುವುದು ಅವನ ಹಳೆಯ ರೂಢಿ.

"ಬ್ಯಾಡ. ಮಕ್ಳು ಮುಟ್ತವೆ, ಬೆರಳು ಚೀಪ್ತವೆ."

"ಇಲಿಗಳ್ಗೆ ಹಬ್ಬ ಮಾಡ್ತಿದ್ದೀಯ ನೀನು."

"ನೋಹನ್ ಹಡಗಲ್ಲಿ ಇಲೀನೂ ಇದ್ವಲ್ಲ, ಬಿಡು."

ಅವಳು ಪೊಟ್ಟಣವನ್ನು ಮತ್ತೆ ಎತ್ತಿಟ್ಟಳು.

ಭಾನುವಾರ ಸಂಜೆ ನಾವೆಯನ್ನು ವೇದಿಕೆಯ ಮೇಲೆ ನಿಲ್ಲಿಸಿ ಬಂದ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದ ಟೀಚರ್ ಶಶಿರೇಖಾ ಫೋನ್ ಮಾಡಿದಳು. ಹೋಗಿ ನೋಡಿದರೆ, ಅಂಟು ಬಳಿದಲ್ಲೆಲ್ಲ ರಟ್ಟನ್ನು ಇಲಿಗಳು ತಿಂದುಹಾಕಿದ್ದವು. ಒಂದು ಪಕ್ಕ ಪೂರ್ತಿ ಕಳಚಿ ಬಿದ್ದಿತ್ತು.

"ಲೇ, ಒಳಗಿದ್ದ ಪ್ರಾಣಿಗಳೇ ಹಡಗು ತಿಂದ್ಬಿಟ್ಟವೆ ಕಣ್ರೋ!" ಮಕ್ಕಳು ಕುಣಿದರು.

"ಮೈಲುತುತ್ತ ಹಾಕಿರ್ಲಿಲ್ವಾ ಅಂಕಲ್?" ಶಶಿರೇಖಾ ಮೆಲ್ಲಗೆ ಕೇಳಿದಳು.

ಮಕ್ಕಳು ಸುತ್ತ ನಿಂತಿದ್ದರು. ನಿಮಗಾಗಿಯೇ ಹಾಕಲಿಲ್ಲ ಎಂದರೆ ತಪ್ಪನ್ನು ಅವರ ತಲೆಗೆ ಕಟ್ಟಿದಂತೆ. "ಮರ್ತ್ಬಿಟ್ಟೆ ಕಣಮ್ಮ," ಎಂದ.

ಭಾನುಪ್ರಕಾಶ್ ಅದನ್ನು ಕೇಳಿಸಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ವಯಸ್ಸಾಯ್ತಲ್ಲಣ್ಣ, ಆಗ್ತದೆ. ಇನ್ಮೇಲೆ ಆರಾಮಾಗಿರಿ," ಎಂದವನೇ ಫ್ಲೆಕ್ಸ್ ಅಂಗಡಿಗೆ ಫೋನ್ ಹಚ್ಚಿದ.

ಮಧ್ಯಾಹ್ನಕ್ಕೆ ಫ್ಲೆಕ್ಸ್ ಬಂತು. ನೀಲಿ ಸಮುದ್ರ, ಹೊಳೆಯುವ ಹಡಗು. ಅದರ ಕಿಟಕಿಗಳು ಎಂಟಡಿ ಎತ್ತರದಲ್ಲಿದ್ದವು. ಕಟ್ಟುವಾಗ ಒಂದು ತುದಿಯ ಹಗ್ಗ ಹಿಡಿದು ನಿಂತವನು ಸಂಜೀವಪ್ಪನೇ.

ಅವನು ಮನೆಗೆ ಬರುವಷ್ಟರಲ್ಲಿ ಸುದ್ದಿ ಸೊಣ್ಣಮ್ಮನಿಗೆ ಮುಟ್ಟಿತ್ತು. ಅಂಟಿನ ಪಾತ್ರೆಯನ್ನು ಅವಳು ಆಗಲೇ ಉಜ್ಜಿ ತೊಳೆದು, ಜಗಲಿಯ ಮೇಲೆ ಬೋರಲು ಹಾಕಿದ್ದಳು.