ನಾನು ತೆಗೆದು ನೋಡಿದ ಮುಚ್ಚಳ

ಪದ್ಮನಾಭನಗರದ ನಮ್ಮ ಮನೆಯಿಂದ ಬಿಟಿಎಂ ಲೇಔಟಿನ ನರ್ಸಿಂಗ್ ಹೋಮಿಗೆ ಎಂಟು ಕಿಲೋಮೀಟರ್ ಚಿಲ್ಲರೆ. ಎರಡು ದಿನ ತಯಾರಿ ಮಾಡಿಕೊಂಡು ಭಾನುವಾರ ಮಧ್ಯಾಹ್ನ ಮೂರೂವರೆಗೆ ನಾನೂ ನನ್ನ ಹೆಂಡತಿ ಕುಸುಮಳೂ ಕಾರಿನಲ್ಲಿ ಹೊರಟೆವು. ತಲುಪಲಿಲ್ಲ. ಯಾಕೆ ತಲುಪಲಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತು.

ನರ್ಸಿಂಗ್ ಹೋಮಿನಲ್ಲಿದ್ದವರು ಕುಸುಮಳ ಅಕ್ಕ, ಸರೋಜಕ್ಕ. ಗಂಟಲಲ್ಲಿ ಗಡ್ಡೆ. ಸೋಮವಾರ ಬೆಳಿಗ್ಗೆ ಆಪರೇಷನ್, ಆಮೇಲೆ ಮಾತು ಹೋಗುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. "ಫೋನಲ್ಲಿ ಬೇಡ ರೀ. ಎದುರಿಗೆ ಕೂತ್ಕೊಂಡು ಒಂದ್ಸಲ ಅಕ್ಕನ ಮಾತು ಕೇಳ್ಬೇಕು" ಎಂದಳು ಕುಸುಮ. ರೋಗಿಯನ್ನು ನೋಡಲು ಬಿಡುವುದು ಸಂಜೆ ನಾಲ್ಕರಿಂದ ಐದು, ಅಷ್ಟೇ. ಕುಸುಮಳಿಗೆ ಆಸ್ತಮಾ. ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಇಳಿಸಿದರೆ ಧೂಳು, ಏರಿಸಿದರೆ ಉಸಿರು ಕಟ್ಟುತ್ತದೆ. ಬಾಡಿಗೆ ಕಾರು ಹತ್ತಿದರೆ ಡ್ರೈವರು ಕನ್ನಡಿಗೆ ತೂಗುಹಾಕಿದ ಸೆಂಟಿನ ಬಾಟಲಿಗೇ ಕೆಮ್ಮು ಶುರು. ಉಳಿದದ್ದು ನಮ್ಮ ಇಪ್ಪತ್ತು ವರ್ಷದ ಹಳೇ ಕಾರು. ಅದರ ಎಸಿ ಕೆಟ್ಟು ತಿಂಗಳಾಗಿತ್ತು.

ಶುಕ್ರವಾರ ಬೆಳಿಗ್ಗೆ ಅದನ್ನು ಇಟ್ಟಮಡುವಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಮೆಕ್ಯಾನಿಕ್ ಮುನಿರಾಜು ಬಾನೆಟ್ ಎತ್ತಿ ಅರ್ಧ ಗಂಟೆ ನೋಡಿದ. "ಕಂಪ್ರೆಸರ್ ಜಾಮ್ ಆಗಿದೆ ಸಾರ್. ಅದೊಂದೇ ಹಾಕಿದ್ರೆ ಆಗಲ್ಲ. ಸವೆದ ಪುಡಿ ಒಳಗೆಲ್ಲ ಓಡಾಡಿದೆ. ಪೈಪ್ ತೊಳೀಬೇಕು, ವಾಲ್ವ್ ಬದಲಾಯಿಸ್ಬೇಕು, ಡ್ರೈಯರೂ ಹೊಸದೇ ಬೇಕು." ಡ್ರೈಯರ್ ಎಂದರೆ ಗ್ಯಾಸಿನಲ್ಲಿ ಸೇರಿದ ನೀರಿನಂಶವನ್ನು ಹೀರಿಕೊಳ್ಳುವ, ದೊಡ್ಡ ಲೋಟದಷ್ಟಿರುವ ಒಂದು ಡಬ್ಬಿ. ಒಂದು ಕೆಟ್ಟರೆ ನಾಲ್ಕು ಬದಲಾಯಿಸುವ ಈ ಲೆಕ್ಕ ನನಗೆ ಹಿಡಿಸಲಿಲ್ಲ. ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಬಂದ ಮಾಲನ್ನು ಬಿಚ್ಚಿ ಪರೀಕ್ಷಿಸುವುದೇ ನನ್ನ ಕೆಲಸವಾಗಿತ್ತು. ರಿಟೈರಾದರೂ ಚಟ ಹೋಗಿಲ್ಲ. ಗಾಡಿ ರಿಪೇರಿಯಾದಾಗಲೆಲ್ಲ ಬಿಚ್ಚಿದ ಹಳೇ ಸಾಮಾನನ್ನು ಕವರಿನಲ್ಲಿ ಹಾಕಿಸಿಕೊಂಡು ಬರುತ್ತೇನೆ, ನಿಜವಾಗಿ ಬದಲಾಯಿಸಿದನೋ ಇಲ್ಲವೋ ನೋಡಲು. ನಮ್ಮ ಅಟ್ಟದ ತುಂಬ ಅವೇ ಇವೆ. ಕುಸುಮ ಅದನ್ನು ನನ್ನ ಮ್ಯೂಸಿಯಂ ಎಂದು ನಗುತ್ತಾಳೆ.

ಕಂಪ್ರೆಸರ್, ವಾಲ್ವ್ ಎರಡನ್ನೂ ತಾನೇ ಹೊಂದಿಸುವುದಾಗಿಯೂ ಈ ಮಾಡೆಲಿನ ಡ್ರೈಯರ್ ಹುಡುಕಬೇಕಾಗುತ್ತದೆಂದೂ ಮುನಿರಾಜು ಹೇಳಿದ. ನಾನೇ ತರುತ್ತೇನೆ ಎಂದೆ. ಬಸ್ಸಿನಲ್ಲಿ ಜಯನಗರ, ಅಲ್ಲಿಂದ ಆಟೋದಲ್ಲಿ ಸಿದ್ದಾಪುರ. ಆಟೋದವನು ಮೀಟರಿನ ಮೇಲೆ ಮೂವತ್ತು ಕೇಳಿದ, ಕೊಟ್ಟೆ. ಗಾಡಿ ಬಿಡಿಭಾಗದ ಮೂರು ಅಂಗಡಿಯಲ್ಲಿ ಇಲ್ಲವೆಂದು ತಲೆ ಅಲ್ಲಾಡಿಸಿದರು. ಮಧ್ಯೆ ಒಂದು ದರ್ಶಿನಿಯಲ್ಲಿ ನಿಂತುಕೊಂಡೇ ಖಾಲಿ ದೋಸೆ ತಿಂದೆ, ತಣ್ಣಗಿತ್ತು. ನಾಲ್ಕನೇ ಅಂಗಡಿಯ ಮುದುಕ ಮಾಲೀಕರು ಏಣಿ ಹತ್ತಿ ಮೇಲಿನ ಗೂಡಿನಿಂದ ಒಂದನ್ನು ಇಳಿಸಿದರು. ಅದರ ಎರಡು ಬಾಯಿಗೂ ಪ್ಲಾಸ್ಟಿಕ್ ಮುಚ್ಚಳ ಬಿಗಿದಿತ್ತು.

"ಲಾಸ್ಟ್ ಪೀಸ್ ಸಾರ್. ಫಿಟ್ಟಿಂಗ್ ಟೈಮಲ್ಲೇ ಮುಚ್ಚಳ ತೆಗೀಬೇಕು. ಗಾಳಿ ಆಡಿದ್ರೆ ನೀರು ಕುಡಿಯುತ್ತೆ, ಆಮೇಲೆ ಮಾಲು ವೇಸ್ಟ್" ಎಂದರು. ನನಗೆ ಆ ಮಾತೇ ಅನುಮಾನ ಹುಟ್ಟಿಸಿತು. ತೆಗೆದು ನೋಡಬೇಡಿ ಎನ್ನುವವನ ಮಾಲಿನಲ್ಲಿ ಏನೋ ಇರುತ್ತದೆ ಎಂದು ಮೂವತ್ತು ವರ್ಷ ನಂಬಿದವನು ನಾನು.

ಸಂಜೆ ಮನೆಯಲ್ಲಿ ಮುಚ್ಚಳ ಕಿತ್ತೆ. ಹಳೇದಕ್ಕೆ ಬಣ್ಣ ಬಳಿದಿದ್ದಾರೇನೋ ಎಂದು ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಹೊಚ್ಚ ಹೊಸದು. ವಾಪಸ್ ಮುಚ್ಚಲು ಹೋದಾಗ ಒಂದು ಮುಚ್ಚಳ ಉರುಳಿ ಫ್ರಿಜ್ಜಿನ ಕೆಳಗೆ ಹೋಯಿತು. ಹೊರಗೆ ಮಳೆ ಶುರುವಾಗಿತ್ತು, ಬೆನ್ನು ಬಗ್ಗಿಸಲಾರದೆ ಬೆಳಿಗ್ಗೆ ನೋಡೋಣವೆಂದು ಬಿಟ್ಟೆ. ಬೆಳಿಗ್ಗೆ ಪೊರಕೆ ಕಡ್ಡಿಯಿಂದ ಎಳೆದು, ಒರೆಸಿ, ಮೊದಲಿನಂತೆ ಒತ್ತಿ ಕೂರಿಸಿದೆ.

ಶನಿವಾರ ಮುನಿರಾಜು ಅದನ್ನು ಕೈಗೆ ತೆಗೆದುಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ಓಪನ್ ಮಾಡಿಲ್ಲ ತಾನೆ ಸಾರ್?"

"ಇಲ್ಲಪ್ಪ" ಎಂದೆ.

ಬೇರೊಂದು ಸಿಗುವುದಿಲ್ಲ, ಇರುವುದು ಒಂದೇ ದಿನ ಎಂಬುದು ನಾನು ನನಗೆ ಕೊಟ್ಟುಕೊಂಡ ಕಾರಣ. ನಿಜ ಹೇಳಬೇಕೆಂದರೆ ಅವನ ಮುಂದೆ ಸಣ್ಣವನಾಗಲು ಇಷ್ಟವಿರಲಿಲ್ಲ. ಅವನು ಪೈಪುಗಳನ್ನು ತೊಳೆದು, ಎಲ್ಲ ಜೋಡಿಸಿ, ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು, ಗ್ಯಾಸು ತುಂಬಿದ. ಎಸಿ ತಣ್ಣಗೆ ಬಂತು. ಹಳೇ ಸಾಮಾನನ್ನು ನಾನು ಕೇಳುವ ಮೊದಲೇ ಕವರಿಗೆ ಹಾಕಿಕೊಟ್ಟ.

ಭಾನುವಾರ ಕುಸುಮ ಅಕ್ಕನಿಗೆ ಇಷ್ಟವೆಂದು ಮೆತ್ತಗೆ ಬೇಯಿಸಿದ ಶ್ಯಾವಿಗೆ ಪಾಯಸವನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ ತೊಡೆಯ ಮೇಲಿಟ್ಟುಕೊಂಡಳು. ಕದಿರೇನಹಳ್ಳಿ ಅಂಡರ್‌ಪಾಸ್ ದಾಟುವವರೆಗೆ ಕಾರಿನೊಳಗೆ ಚಳಿಯೇ ಆಗುತ್ತಿತ್ತು. "ಸೆರಗು ಹೊದ್ಕೋಬೇಕು ಅನ್ನಿಸ್ತಿದೆ ರೀ" ಎಂದು ನಕ್ಕಳು. ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಳಿ ಬೆಚ್ಚಗಾಯಿತು. ಜೆ.ಪಿ. ನಗರ ಬರುವಷ್ಟರಲ್ಲಿ ಒಲೆ ಮುಂದೆ ಕೂತಂತಾಯಿತು. ಡ್ರೈಯರ್ ಹೀರಬೇಕಾಗಿದ್ದ ನೀರು ವಾಲ್ವಿನಲ್ಲಿ ಮಂಜುಗಡ್ಡೆ ಕಟ್ಟಿ ಗ್ಯಾಸಿನ ದಾರಿ ಮುಚ್ಚುತ್ತದೆಂದು ಆಮೇಲೆ ತಿಳಿಯಿತು. ಆಗ ಗೊತ್ತಿದ್ದದ್ದು ನಾನು ಕಿತ್ತ ಮುಚ್ಚಳವೊಂದೇ.

ಮುಂದೆ ವಾಹನಗಳು ನಿಂತುಬಿಟ್ಟಿದ್ದವು. ತಡೆಯಲಾರದೆ ಕುಸುಮ ಕಿಟಕಿಯನ್ನು ನಾಲ್ಕು ಬೆರಳು ಇಳಿಸಿದಳು. ಪಕ್ಕದ ಟೆಂಪೋದ ಹೊಗೆ ನೇರ ಒಳಗೆ ಬಂತು. ಎರಡು ನಿಮಿಷಕ್ಕೆ ಅವಳ ಎದೆ ಸೀಟಿ ಹೊಡೆಯತೊಡಗಿತು. ಅಡ್ಡರಸ್ತೆಗೆ ತಿರುಗಿಸಿ ಹೊಂಗೆ ಮರದ ಕೆಳಗೆ ನಿಲ್ಲಿಸಿದೆ. ಇನ್‌ಹೇಲರ್ ಎಳೆದುಕೊಂಡರೂ ಉಬ್ಬಸ ಇಳಿಯಲಿಲ್ಲ. ಗಂಟೆ ನಾಲ್ಕೂ ಇಪ್ಪತ್ತು. ಮುಂದೆ ಹೋಗುವ ಹಾಗಿರಲಿಲ್ಲ. ಅವಳೇ ಫೋನ್ ತೋರಿಸಿ ಅಕ್ಕನಿಗೆ ಮಾಡಿ ಎಂದು ಸನ್ನೆ ಮಾಡಿದಳು. ಬರಲಾಗುತ್ತಿಲ್ಲ ಎಂದಷ್ಟೇ ಹೇಳಿ ಅವಳ ಕೈಗೆ ಕೊಟ್ಟೆ.

ಸರೋಜಕ್ಕನ ದನಿ ಆಗಲೇ ಒಡೆದಿತ್ತು, ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. "ಬರೋಕ್ಕಾಗ್ಲಿಲ್ಲ ಅಂತ ಅಳ್ಬೇಡ ಕಣೇ. ನಿನಗೆ ಅಂತ ಮೆಂತ್ಯದ ಹಿಟ್ಟು ಮಾಡ್ಸಿಟ್ಟಿದ್ದೀನಿ, ಮಗಳ ಕೈಲಿ ಕಳಿಸ್ತೀನಿ. ಮಾತಾಡೇ, ಯಾಕೆ ಸುಮ್ನಿದ್ದೀಯ? ಕುಸೂ, ಏನಾದ್ರೂ ಹೇಳೇ." ಕುಸುಮಳಿಗೆ ಉಸಿರಿರಲಿಲ್ಲ. ಫೋನನ್ನು ಕಿವಿಗೊತ್ತಿಕೊಂಡು ಡಬ್ಬಿಯ ಮುಚ್ಚಳವನ್ನು ನೋಡುತ್ತ ಕೂತಿದ್ದಳು. ಕೊನೆಗೆ ಆ ಕಡೆಯಿಂದಲೇ ಕಟ್ಟಾಯಿತು.

ಅರ್ಧ ಗಂಟೆ ಬಿಟ್ಟು ವಾಪಸ್ ತಿರುಗಿಸಿದಾಗ ಎಸಿ ಮತ್ತೆ ತಣ್ಣಗೆ ಬೀಸಿತು. ಮಂಜು ಕರಗಿತ್ತು.

ಸಂಜೆ ಅವಳ ಉಸಿರು ಹತೋಟಿಗೆ ಬಂದಮೇಲೆ ಸರೋಜಕ್ಕನ ಮಗಳು ಫೋನ್ ಮಾಡಿದಳು. ಅಮ್ಮನಿಗೆ ಮಾತ್ರೆ ಕೊಟ್ಟು ಮಲಗಿಸಿದ್ದಾರೆ, ಇನ್ನು ಎಬ್ಬಿಸುವುದಿಲ್ಲವಂತೆ. ಕುಸುಮ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅವಳಿಗೆ ಹೇಳಿದಳು, "ಆ ಮೆಕ್ಯಾನಿಕ್ ಮೋಸ ಮಾಡ್ಬಿಟ್ಟ ಕಣೇ. ನಿನ್ನ ಚಿಕ್ಕಪ್ಪ ಮೊದ್ಲಿಂದ್ಲೂ ಅನುಮಾನ ಪಡ್ತಿದ್ರು. ನಾನೇ ನಗ್ತಿದ್ದೆ. ಅವರು ಹೇಳಿದ್ದೇ ಸರಿ." ಫೋನ್ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಅಲ್ವೇನ್ರೀ?"

"ಹೌದು" ಎಂದೆ.