ವಿರ್ವೆಯ ಮೂರು ನಕ್ಷತ್ರ

ಹಿಯುಮಾ ದ್ವೀಪದಲ್ಲಿ, ಕಡಸ್ತಿಕು ಎಂಬ ಊರಿನಿಂದ ಸೌನಾಕ್ಕೆ, ಅಂದರೆ ಊರವರ ಹಬೆಸ್ನಾನದ ಮನೆಗೆ, ಹೋಗುವ ದಾರಿಯಲ್ಲಿ ಒಂದು ದಿಬ್ಬವಿದೆ. ಅದರ ನೆತ್ತಿ ದಾಟಿದ ಕೂಡಲೇ ರಸ್ತೆ ಧಡಕ್ಕನೆ ಕೆಳಗೆ ಜಾರುತ್ತದೆ. ಬ್ರೇಕ್ ಒತ್ತದೆ ಹೋದರೆ ಹೊಟ್ಟೆ ಜುಂ ಎನ್ನುತ್ತದೆ, ಎದುರಿಗೆ ಸಮುದ್ರ ಫಳ್ಳನೆ ಹೊಳೆಯುತ್ತದೆ. ವಿರ್ವೆ ತನ್ನ ಜನ್ಮದಲ್ಲಿ ಅಲ್ಲಿ ಬ್ರೇಕ್ ಒತ್ತಿದವಳಲ್ಲ.

ಮೊದಲು ಅವಳು ಶಾಲೆಯ ಬಸ್ಸು ಓಡಿಸುತ್ತಿದ್ದಳು. ದಿಬ್ಬ ಹತ್ತಿರ ಬಂದರೆ ಮಕ್ಕಳೆಲ್ಲ ಸೀಟಿನ ಅಂಚಿಗೆ ಸರಿದು ಉಸಿರು ಬಿಗಿಹಿಡಿಯುತ್ತಿದ್ದರು. ಬರಬರುತ್ತ ಮಕ್ಕಳು ಕಡಿಮೆಯಾದರು, ಶಾಲೆ ಮುಚ್ಚಿತು, ಬಸ್ಸು ಹೋಯಿತು. ವಿರ್ವೆ ಮನೆಯಲ್ಲಿ ಕೂತು ಉಣ್ಣೆಯ ಕೈಗವಸು ಹೆಣೆದಳು. ನೆಂಟರಿಗೆಲ್ಲ ಆಗಿ, ಅಂಚೆಯವನಿಗೂ ಆದಮೇಲೆ ಇನ್ನು ಯಾರಿಗೆ ಕೊಡುವುದೋ ತಿಳಿಯಲಿಲ್ಲ. ತಟ್ಟೆ ಹಿಡಿದರೂ ಅವಳ ಬೆರಳುಗಳು ಸ್ಟೇರಿಂಗ್ ಹಿಡಿದಂತೆಯೇ ಹಿಡಿಯುತ್ತಿದ್ದವು.

ಆಗ ತಾರ್ವಿಯ ಸುದ್ದಿ ಬಂತು. ಅವಳ ಬಸ್ಸಿನ ಕೊನೆಯ ಸೀಟಿನಲ್ಲಿ ಕೂರುತ್ತಿದ್ದ ಹುಡುಗ. ರಾಜಧಾನಿ ಟಾಲಿನ್ನಿನಲ್ಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿ, ಅದನ್ನು ಮಾರಿ, ಬಂದದ್ದರಲ್ಲಿ ಬಹುಪಾಲು ದಾನ ಮಾಡುತ್ತೇನೆಂದು ಟೀವಿಯಲ್ಲಿ ಹೇಳಿದ. ದೂರದ ದೇಶಗಳಿಗೆ ಸೊಳ್ಳೆಪರದೆ, ಬಾವಿ, ಆಸ್ಪತ್ರೆ. ಹುಟ್ಟಿದ ದ್ವೀಪಕ್ಕೆ ಒಂದು ಹಸಿರು ವ್ಯಾನು: ಪ್ರತಿ ಶನಿವಾರ ವಯಸ್ಸಾದವರನ್ನು ಅಂಗಡಿಗೂ ಊರ ಸೌನಾಕ್ಕೂ ಕರೆದೊಯ್ಯಲು. ಓಡಿಸುವವರು ಯಾರೆಂದು ಯಾರೂ ಕೇಳಲಿಲ್ಲ. ವಿರ್ವೆ ಆಗಲೇ ಬೂಟು ಹಾಕಿಕೊಂಡು ನಿಂತಿದ್ದಳು.

ಶನಿವಾರಗಳಿಗೆ ಮತ್ತೆ ಜೀವ ಬಂತು. ಮಡಿಲಲ್ಲಿ ಹಬೆಯಲ್ಲಿ ಮೈಗೆ ಬಡಿದುಕೊಳ್ಳಲು ಬರ್ಚ್ ಎಲೆಯ ಕಟ್ಟು, ಕಾಗದದಲ್ಲಿ ಹೊಗೆಮೀನು, ವ್ಯಾನಿನ ತುಂಬ ವಾಸನೆ. ದಿಬ್ಬ ಬಂತೆಂದರೆ ಸಾಲ್ಮೆ ಅಜ್ಜಿ ಕಣ್ಣು ಮುಚ್ಚಿ ಕಿರುಚುವಳು. ಪಕ್ಕದಲ್ಲಿ ಎಂಡೆಲ್ ಅಜ್ಜ, "ಹೋಗ್ತಾ ಬೇಡ ಕಣೇ ವಿರ್ವೆ, ವಾಪಸ್ ಬರ್ತಾ ಕೊಲ್ಲು. ಸ್ನಾನನಾದ್ರೂ ಆಗಿರುತ್ತೆ!" ಎನ್ನುವನು.

ಇಳಿಯುವಾಗ ತಾರ್ವಿಯ ದಾನಸಂಸ್ಥೆಯವರು ಬಾಗಿಲ ಬಳಿ ಸಿಕ್ಕಿಸಿದ್ದ ಫೋನು ಕೇಳುತ್ತಿತ್ತು, ಪ್ರಯಾಣ ಹೇಗಿತ್ತು? ಐದರಲ್ಲಿ ಎಷ್ಟು ನಕ್ಷತ್ರ? ಸಾಲ್ಮೆ ಅಜ್ಜಿ ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಂಡು ಮೂರು ಒತ್ತುವಳು. ಎಲ್ಲರೂ ಮೂರೇ.

ವಸಂತದಲ್ಲಿ ಟಾಲಿನ್ನಿನ ದಾನಸಂಸ್ಥೆಯಿಂದ ಒಬ್ಬಳು ಹುಡುಗಿ ಫೋನು ಮಾಡಿದಳು. ನಿಯಮ ಎಲ್ಲ ದೇಶಕ್ಕೂ ಒಂದೇ. ನಾಲ್ಕಕ್ಕಿಂತ ಕಡಿಮೆ ಬಂದರೆ, ಅದೇ ದುಡ್ಡು ಇನ್ನೂ ಹೆಚ್ಚು ಸಂತೋಷವಾಗುವ ಕಡೆಗೆ ಹೋಗುತ್ತದೆ. "ಕ್ಷಮಿಸಿ, ನಿಮ್ಮ ಜನಕ್ಕೆ ವ್ಯಾನು ಇಷ್ಟ ಆಗಿಲ್ಲ. ಜೂನ್ ಮುಗಿದ ಮೇಲೆ ವಾಪಸ್ ತರಿಸ್ಕೋತೀವಿ."

ಆ ಶನಿವಾರ ವಿರ್ವೆ ವ್ಯಾನನ್ನು ರಸ್ತೆ ಮಧ್ಯೆಯೇ ನಿಲ್ಲಿಸಿ ಹಿಂದೆ ತಿರುಗಿದಳು.

"ಐದು ಒತ್ರಪ್ಪ. ಇಲ್ದಿದ್ರೆ ವ್ಯಾನು ಹೋಗುತ್ತೆ."

"ಐದಾ?" ಎಂಡೆಲ್ ಅಜ್ಜ ಗಾಬರಿಯಾದ. "ನಮ್ಮಪ್ಪ ನನ್ ಹೆಂಡ್ತಿನ ಮೊದಲ್ನೇ ಸಲ ನೋಡಿ 'ಪರವಾಗಿಲ್ಲ' ಅಂದಿದ್ದ. ಅವಳು ಊರಿಗೇ ಸುಂದರಿ ಕಣೇ!"

"ಈ ವಾರ ಐದು ಒತ್ತಿ, ಮುಂದಿನ ವಾರ ಇದಕ್ಕಿಂತ ಚೆನ್ನಾಗಿದ್ರೆ ಏನ್ ಒತ್ತಲಿ?" ಎಂದಳು ಸಾಲ್ಮೆ ಅಜ್ಜಿ. ಆದರೂ ವಿರ್ವೆಯ ಮುಖ ನೋಡಿ ಇಳಿಯುವಾಗ ನಾಲ್ಕು ಒತ್ತಿದಳು. ಸೌನಾದಲ್ಲಿ ಎಲ್ಲರ ನಡುವೆ ಬತ್ತಲೆ ಕೂರುವವಳು, ನಾಲ್ಕು ಒತ್ತಿ ನಾಚಿ ಕೆಂಪಾದಳು. ಉಳಿದವರಿಗೆ ಅಷ್ಟೂ ಧೈರ್ಯ ಬರಲಿಲ್ಲ.

ಜೂನ್ ಕೊನೆಯ ಶನಿವಾರ ತಾರ್ವಿಯೇ ಬಂದ. ಎಲ್ಲೆಲ್ಲೋ ಗೆದ್ದದ್ದು ಹುಟ್ಟೂರಲ್ಲಿ ಯಾಕೆ ಸೋತಿತೆಂದು ಅವನಿಗೆ ನಿದ್ದೆ ಹತ್ತಿರಲಿಲ್ಲ.

"ವಿರ್ವೆ ಅತ್ತೆ, ಏನ್ ತಪ್ಪಾಯ್ತು?"

"ವ್ಯಾನ್ ಹತ್ತು. ಬೆಲ್ಟ್ ಹಾಕ್ಕೋ." ವಿರ್ವೆ ಕಡೆಯ ಸಲವೆಂದು ಸ್ಟೇರಿಂಗ್ ಹಿಡಿದಳು.

ಅವನು ತಾನಾಗಿಯೇ ಕೊನೆಯ ಸೀಟಿಗೆ ಹೋಗಿ ಕೂತ. ಎಂಡೆಲ್ ಅಜ್ಜ ತಿರುಗಿ ನೋಡಿದ. "ಸೊಳ್ಳೆಪರದೆ ಎಲ್ಲೆಲ್ಲಿಗೋ ಕಳಿಸ್ದೆಯಂತೆ. ನಮ್ಮೂರ ಸೊಳ್ಳೆ ಏನ್ ಪಾಪ ಮಾಡಿತ್ತೋ?"

ಅಷ್ಟರಲ್ಲಿ ದಿಬ್ಬ ಬಂತು. ವ್ಯಾನು ನೆತ್ತಿ ಮುಟ್ಟಿತು, ಆಕಾಶ ಗಾಜಿನ ತುಂಬ ತುಂಬಿತು, ಆಮೇಲೆ ಎಲ್ಲರ ಹೊಟ್ಟೆಯೂ ಒಟ್ಟಿಗೆ ಜಾರಿತು. ಸಾಲ್ಮೆ ಅಜ್ಜಿಗಿಂತ ಜೋರಾಗಿ ಕೊನೆಯ ಸೀಟಿನಿಂದ ಕೂಗು ಕೇಳಿತು:

"ಇನ್ನೊಂದ್ಸಲ, ಅತ್ತೆ! ಇನ್ನೊಂದ್ಸಲ!"

ವಿರ್ವೆ ವ್ಯಾನು ತಿರುಗಿಸಿದಳು. ಇನ್ನೊಂದು ಸಲವಾಯಿತು, ಮತ್ತೂ ಒಂದು ಸಲವಾಯಿತು. ಹೊಗೆಮೀನು ಕಾಗದದಿಂದ ಜಾರಿ ಎಂಡೆಲ್ ಅಜ್ಜನ ಟೋಪಿಯೊಳಗೆ ಬಿತ್ತು.

ಸೌನಾದ ಬಾಗಿಲಲ್ಲಿ ತಾರ್ವಿ ಇಳಿದ. ಫೋನು ಅವನನ್ನೂ ಕೇಳಿತು. ಅವನ ಹೆಬ್ಬೆರಳು, ಅವನನ್ನು ಕೇಳದೆಯೇ, ಮೂರು ಒತ್ತಿತು.

ಸಾಲ್ಮೆ ಅಜ್ಜಿ ಬಗ್ಗಿ ನೋಡಿದಳು. "ಮೂರಾ? ಅಷ್ಟೊಂದು ಇಷ್ಟ ಆಯ್ತೇನೋ?"

ತಾರ್ವಿ ತನ್ನ ಹೆಬ್ಬೆರಳನ್ನೇ ನೋಡುತ್ತ ನಿಂತ. ಆಮೇಲೆ ಮೆಟ್ಟಿಲ ಮೇಲೆ ಕುಸಿದು, ಬಿಕ್ಕಳಿಕೆ ಬರುವಷ್ಟು ನಕ್ಕ. ನಗುತ್ತಲೇ ಟಾಲಿನ್ನಿಗೆ ಫೋನು ಹಚ್ಚಿದ. "ಹಿಯುಮಾದ ವ್ಯಾನು ಅಲ್ಲೇ ಇರ್ಲಿ. ಇಲ್ಲ, ಜನ ತುಂಬಾ ಖುಷಿಯಾಗಿದಾರೆ. ನಿಯಮ ಬರೆದ ದಡ್ಡ ನಾನೇ, ನಾನೇ ತಿದ್ತೀನಿ."

ವಿರ್ವೆ ವ್ಯಾನಿನ ಖಾನೆಯಿಂದ ಒಂದು ಜೊತೆ ಕೈಗವಸು ತೆಗೆದು, ಆ ಸುಡುಬಿಸಿಲಲ್ಲಿ, ಅವನ ಕೈಗಿಟ್ಟಳು.

"ಪರವಾಗಿಲ್ಲ ಕಣೋ ನೀನು," ಎಂದಳು.

ತಾರ್ವಿಯ ಕಿವಿಯವರೆಗೂ ಕೆಂಪೇರಿತು.

ಎಲ್ಲರೂ ಹಬೆಯೊಳಗೆ ಹೋದ ಮೇಲೆ ಅವಳು ಖಾಲಿ ವ್ಯಾನನ್ನು ದಿಬ್ಬದ ಕಡೆಗೆ ತಿರುಗಿಸಿದಳು. ಕರೆತರಲು ಯಾರೂ ಉಳಿದಿರಲಿಲ್ಲ. ನೆತ್ತಿಯ ಆಚೆ ಹೋಗಿ, ಮತ್ತೆ ಸಮುದ್ರದ ಕಡೆಗೆ ಮುಖ ಮಾಡಿ, ಸೀಟಿನ ಅಂಚಿಗೆ ಸರಿದು ಉಸಿರು ಬಿಗಿಹಿಡಿದಳು.